ಎಕ್ಸ್‌ರೇಗೆ ಕಾಣದ ಪೆಟ್ಟು: ಲಿಗಮೆಂಟ್, ಟೆಂಡನ್ ಗಾಯಕ್ಕೆ ಸರಿಯಾದ ದಾಖಲೆ ಮಾಡಿಸಿಕೊಳ್ಳುವುದು ಹೇಗೆ

"ಮೂಳೆ ಮುರಿದಿಲ್ಲ, ಸುಮ್ನೆ ಉಳುಕಿದೆ ಅಷ್ಟೇ." ಗಾಡಿ ಗುದ್ದಿಸಿಕೊಂಡು ಆಸ್ಪತ್ರೆಗೆ ಹೋದವರಿಗೆ ಈ ಮಾತು ಕೇಳಿದರೆ ಹೋದ ಜೀವ ಬಂದಂತಾಗುತ್ತದೆ. ನನಗೂ ಹಾಗೇ ಆಗಿತ್ತು. ಎಂಟು ವರ್ಷದ ಹಿಂದೆ ಬನಶಂಕರಿಯಿಂದ ಮನೆಗೆ ಬರುವಾಗ ಒಂದು ಕಾರು ಪಕ್ಕದಿಂದ ತಾಗಿತು. ಸ್ಕೂಟರ್ ಸಮೇತ ಬಿದ್ದೆ. ಹತ್ತಿರದ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಚೀಟಿಯಲ್ಲಿ ಒಂದೇ ಸಾಲು ಬರೆದು ಕಳಿಸಿದರು. ಎರಡೂವರೆ ತಿಂಗಳಾದ ಮೇಲೆ ಮೆಟ್ಟಿಲು ಇಳಿಯುವಾಗ ಮಂಡಿ ಕೈಕೊಟ್ಟಿತು. ಎಂಆರ್‌ಐ ಮಾಡಿಸಿದರೆ ಎಸಿಎಲ್, ಅಂದರೆ ಮಂಡಿಯೊಳಗಿನ ಒಂದು ಮುಖ್ಯ ಲಿಗಮೆಂಟ್, ಪೂರ್ತಿ ಹರಿದಿತ್ತು. ಆಮೇಲೆ ವಿಮೆಯವರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: "ಇದು ಆವತ್ತೇ ಆದದ್ದು ಅಂತ ಯಾವ ಕಾಗದದಲ್ಲಿದೆ?" ಯಾವ ಕಾಗದದಲ್ಲೂ ಇರಲಿಲ್ಲ.

ನಾನು ಫಿಸಿಯೋಥೆರಪಿ ಮಾಡುವವರ ಪೈಕಿ. ದಿನವಿಡೀ ಮಂಡಿ, ಭುಜ, ಬೆರಳುಗಳ ಜೊತೆಗೇ ಕೆಲಸ. ಆ ಪ್ರಶ್ನೆ ಕೇಳಿಸಿಕೊಂಡ ಮೇಲೆ, ನನ್ನ ಹತ್ತಿರ ಬರುವವರ ಫೈಲ್ ಓದಿಯೇ ಕಾಲು ಮುಟ್ಟುತ್ತೇನೆ. ಹತ್ತರಲ್ಲಿ ಐದಾರು ಫೈಲುಗಳು ನನ್ನದರ ಹಾಗೇ ಇರುತ್ತವೆ. ಅಪಘಾತದಲ್ಲೋ, ಹೊಡೆದಾಟದಲ್ಲೋ, ಮನೆಯೊಳಗಿನ ಹಿಂಸೆಯಲ್ಲೋ ಇಂಥ ಪೆಟ್ಟು ತಿಂದವರಿಗೆ ಮತ್ತು ಅವರನ್ನು ಆಸ್ಪತ್ರೆಗೆ ಕರೆದೊಯ್ಯುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು "ನರ"ದ ಗೊಂದಲ

ಲಿಗಮೆಂಟ್ ಅಂದರೆ ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ. ಟೆಂಡನ್ ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ. ಲಿಗಮೆಂಟ್ ಹರಿದರೆ ಕೀಲು ಸಡಿಲವಾಗುತ್ತದೆ. ಟೆಂಡನ್ ತುಂಡಾದರೆ ಮಾಂಸಖಂಡದಲ್ಲಿ ಬಲ ಇದ್ದರೂ ಬೆರಳೋ ಪಾದವೋ ಅಲ್ಲಾಡುವುದಿಲ್ಲ. ನಮ್ಮ ಮಾತಿನಲ್ಲಿ ಇವೆರಡಕ್ಕೂ "ನರ" ಅನ್ನುತ್ತೇವೆ, ಅಲ್ವಾ? ನರ ಉಳುಕಿದೆ, ನರ ಕಟ್ ಆಗಿದೆ. ಮನೆಯಲ್ಲಿ ಹಾಗೆ ಹೇಳಿದರೆ ತೊಂದರೆ ಇಲ್ಲ. ಆದರೆ ಪೊಲೀಸ್ ದೂರಿನಲ್ಲಿ "ನರ ಕಟ್ ಆಗಿದೆ" ಎಂದಿದ್ದು, ವೈದ್ಯರ ಕಾಗದದಲ್ಲಿ ಟೆಂಡನ್ ಎಂದಿದ್ದರೆ, ಮುಂದೆ ಕೋರ್ಟಿನಲ್ಲಿ ಅವೆರಡೂ ಬೇರೆ ಬೇರೆ ಗಾಯ ಎನ್ನುವ ವಾದ ಬರಬಹುದು. ನಿಜವಾದ ನರಕ್ಕೆ ಪೆಟ್ಟಾದರೆ ಸ್ಪರ್ಶ ಹೋಗುತ್ತದೆ, ಜೋಮು ಹಿಡಿಯುತ್ತದೆ. ಅದು ಬೇರೆಯೇ ಗಾಯ.

ಹಾಗಾಗಿ ದೂರು ಕೊಡುವಾಗ ಒಳಗೆ ಏನು ಹರಿದಿದೆ ಅಂತ ಊಹಿಸಿ ಹೇಳಬೇಡಿ. ನಿಮ್ಮಿಂದ ಏನು ಆಗುತ್ತಿಲ್ಲ ಅನ್ನುವುದನ್ನು ಹೇಳಿ. "ತೋರುಬೆರಳು ಮಡಚಲು ಬರುತ್ತಿಲ್ಲ." "ಕಾಲೂರಿದರೆ ಮಂಡಿ ಒಳಕ್ಕೆ ವಾಲುತ್ತದೆ." ಇಷ್ಟು ಸಾಕು.

ಕಾನೂನು ಏನು ನೋಡುತ್ತದೆ

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 116ನೇ ಸೆಕ್ಷನ್ ತೀವ್ರ ಗಾಯ ಯಾವುದು ಅಂತ ಎಂಟು ಬಗೆಯಲ್ಲಿ ಹೇಳುತ್ತದೆ. ಮೂಳೆ ಮುರಿಯುವುದು, ಕೀಲು ತಪ್ಪುವುದು ಅದರಲ್ಲಿ ನೇರವಾಗಿಯೇ ಇದೆ. ಲಿಗಮೆಂಟ್, ಟೆಂಡನ್ ಎನ್ನುವ ಪದ ಎಲ್ಲೂ ಇಲ್ಲ. ಕಷ್ಟ ಶುರುವಾಗುವುದೇ ಇಲ್ಲಿ. ಕಿರುಬೆರಳಿನ ಮೂಳೆ ಮುರಿದರೆ ತೀವ್ರ ಗಾಯ. ಮಂಡಿಯ ಎಸಿಎಲ್ ಪೂರ್ತಿ ಹರಿದವರ ಕಾಗದದಲ್ಲಿ ಮಾತ್ರ ಮೊದಲ ದಿನ "ಸಾಮಾನ್ಯ ಗಾಯ" ಅಂತ ಬಂದಿರುತ್ತದೆ.

ಆದರೆ ಅದೇ ಸೆಕ್ಷನ್ನಿನಲ್ಲಿ ನಮಗೆ ದಾರಿಗಳಿವೆ. ಒಂದು ಅಂಗ ಅಥವಾ ಕೀಲಿನ ಶಕ್ತಿ ಶಾಶ್ವತವಾಗಿ ಕುಂದಿದರೆ ಅದು ತೀವ್ರ ಗಾಯ. 15 ದಿನ ತೀವ್ರ ನೋವಿನಲ್ಲಿದ್ದರೆ, ಇಲ್ಲವೇ ಅಷ್ಟು ದಿನ ನಿಮ್ಮ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯ. ಹಳೆಯ ಐಪಿಸಿಯಲ್ಲಿ ಇದು 20 ದಿನ ಇತ್ತು. ವ್ಯತ್ಯಾಸ ಸಣ್ಣದಲ್ಲ. ಬೇಕೆಂದೇ ಹೊಡೆದ ಕೇಸಿನಲ್ಲಿ ಸಾಮಾನ್ಯ ಗಾಯಕ್ಕೆ ಒಂದು ವರ್ಷದವರೆಗೆ ಶಿಕ್ಷೆ, ತೀವ್ರ ಗಾಯಕ್ಕೆ ಏಳು ವರ್ಷದವರೆಗೆ. ಶಕ್ತಿ ಶಾಶ್ವತವಾಗಿ ಕುಂದಿದೆ ಅಂತಾಗಲಿ, 15 ದಿನ ಕೆಲಸ ಮಾಡಲಾಗಲಿಲ್ಲ ಅಂತಾಗಲಿ ಯಾವ ವೈದ್ಯರೂ ಮೊದಲ ದಿನವೇ ಬರೆಯಲಾರರು. ಅದಕ್ಕೇ ಮೊದಲ ದಿನದ ದಾಖಲೆ ಒಂದು, ಆಮೇಲಿನ ದಾಖಲೆ ಇನ್ನೊಂದು, ಎರಡೂ ಬೇಕು.

ಹೆಜ್ಜೆ 1: ಆವತ್ತೇ ಆಸ್ಪತ್ರೆಗೆ ಹೋಗಿ, ಎಂಎಲ್‌ಸಿ ಮಾಡಿಸಿ

ಬೆಂಗಳೂರಿನಲ್ಲಾದರೆ ಬೌರಿಂಗ್, ವಿಕ್ಟೋರಿಯಾ, ಕೆ.ಸಿ. ಜನರಲ್, ಜಯನಗರ ಜನರಲ್, ಮೂಳೆ ಮತ್ತು ಅಪಘಾತಕ್ಕೆಂದೇ ಇರುವ ಸಂಜಯ್ ಗಾಂಧಿ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಖಾಸಗಿ ಆಸ್ಪತ್ರೆಯೂ ಆಗುತ್ತದೆ. ಪೊಲೀಸ್ ಬರಲಿ ಅಂತ ಕಾಯಿಸದೆ ತುರ್ತು ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಪಘಾತ, ಹಲ್ಲೆ ಅಂತ ಗೊತ್ತಾದರೆ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ವೈದ್ಯಕೀಯ ಕಾನೂನು ಪ್ರಕರಣ ಎಂದು ದಾಖಲಿಸಿ ಠಾಣೆಗೆ ತಿಳಿಸುತ್ತಾರೆ. ದಿನಾಂಕ, ಗಂಟೆ, ಕರೆತಂದವರ ಹೆಸರು, ಗುರುತಿಗೆ ಎರಡು ಮಚ್ಚೆಗಳು, ಹೆಬ್ಬೆಟ್ಟು ಎಲ್ಲವೂ ಅದರಲ್ಲಿ ಬರುತ್ತವೆ.

ಇದರಲ್ಲಿ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಿರುವುದು ಒಂದೇ ಸಾಲಿಗೆ. ಕೌಂಟರಿನಲ್ಲಿ ಸಿಸ್ಟರ್ ಕೇಳುತ್ತಾರೆ, "ಏನಾಯ್ತು?" ನೋವಿನಲ್ಲಿರುವವರು ಹೇಳುತ್ತಾರೆ, "ಗಾಡಿಯಿಂದ ಬಿದ್ದೆ." ಸಿಸ್ಟರ್ ಬರೆದುಕೊಳ್ಳುತ್ತಾರೆ, "ಸೆಲ್ಫ್ ಫಾಲ್." ಅಲ್ಲಿಗೆ ನಿಮಗೆ ಗುದ್ದಿದ ಕಾರು ಕಾಗದದಿಂದ ಮಾಯ. ಮುಂದೆ ಪರಿಹಾರದ ಅರ್ಜಿ ಹಾಕಿದಾಗ ವಿಮೆಯವರು ಮೊದಲು ತೆಗೆದು ತೋರಿಸುವುದು ಇದೇ ಎರಡು ಪದ. ಎಷ್ಟೋ ಫೈಲುಗಳಲ್ಲಿ ನಾನು ಇದನ್ನು ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. "ಎಡಗಡೆಯಿಂದ ಕಾರು ಗುದ್ದಿತು, ಅದಕ್ಕೆ ಬಿದ್ದೆ" ಅಂತ ಪೂರ್ತಿ ಹೇಳಿ. ಜಾಗ, ಹೊತ್ತು, ಗೊತ್ತಿದ್ದರೆ ಗಾಡಿ ನಂಬರ್ ಹೇಳಿ. ಬರೆದದ್ದನ್ನು ಓದಿ ಹೇಳಲು ಕೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತು. "ಬಚ್ಚಲಲ್ಲಿ ಜಾರಿ ಬಿದ್ದೆ" ಎನ್ನುವ ಉತ್ತರ ಎಷ್ಟೋ ಸಲ ಪಕ್ಕದಲ್ಲಿ ನಿಂತವರ ಭಯಕ್ಕೆ ಬರುತ್ತದೆ. ಪರೀಕ್ಷೆ ಮಾಡುವಾಗ "ಜೊತೆಗೆ ಬಂದವರಿಲ್ಲದೆ ನಾನೊಬ್ಬಳೇ ಮಾತಾಡಬೇಕು" ಅಂತ ವೈದ್ಯರಿಗೆ ಹೇಳಬಹುದು. ಕೈ ತಿರುಚಿದಾಗ ಹೆಬ್ಬೆರಳ ಬುಡದ ಲಿಗಮೆಂಟ್, ಮಣಿಕಟ್ಟು, ಭುಜ ಇವಕ್ಕೆ ಪೆಟ್ಟಾಗುತ್ತದೆ. ತೋಳನ್ನು ಗಟ್ಟಿಯಾಗಿ ಹಿಡಿದಿದ್ದರೆ ಒಂದು ಬದಿಗೆ ಹೆಬ್ಬೆರಳಿನ ಕಂದು (ಚರ್ಮದಡಿ ರಕ್ತ ಕಟ್ಟಿದ ಕಲೆ), ಇನ್ನೊಂದು ಬದಿಗೆ ಸಾಲಾಗಿ ಬೆರಳುಗಳ ಕಂದು ಇರುತ್ತದೆ. ತೋಳು ಬಿಚ್ಚಿ ತೋರಿಸಿ, ಅದನ್ನೂ ಬರೆಸಿ. ಸಹಾಯಕ್ಕೆ 181, ತುರ್ತಿಗೆ 112.

ಆಸ್ಪತ್ರೆಗೆ ಹೋಗುವ ಮೊದಲು ಮಾಡಬಾರದ ಎರಡು ಕೆಲಸಗಳಿವೆ. ಒಂದು, ಅರಿಶಿನ ಹಚ್ಚುವುದು. ಪ್ರೀತಿಯಿಂದಲೇ ಹಚ್ಚುತ್ತಾರೆ, ನಮ್ಮಮ್ಮನೂ ಹಚ್ಚಿದ್ದರು. ಆದರೆ ಗಾಯ ಹೊಸದೋ ಹಳೆಯದೋ ಅನ್ನುವುದಕ್ಕೆ ಕಂದಿದ ಜಾಗದ ಬಣ್ಣವೂ ಒಂದು ಸುಳಿವು. ಕಂದಿನಲ್ಲಿ ಹಳದಿ ಬರಲು ಸುಮಾರು 18 ಗಂಟೆಯಾದರೂ ಬೇಕು. ಆವತ್ತೇ ಆದ ಗಾಯದ ಮೇಲೆ ಅರಿಶಿನದ ಹಳದಿ ಕೂತರೆ ನೋಡುವವರು ಏನಂತ ತಿಳಿಯಬೇಕು? ಎರಡು, ಉಳುಕು ತೆಗೆಸುವುದು, ಎಣ್ಣೆ ಹಾಕಿ ನೀವಿಸುವುದು, ನೇರವಾಗಿ ಪುತ್ತೂರು ಕಟ್ಟಿಗೆ ಹೋಗುವುದು. ಕಟ್ಟಿನ ಮೇಲೆ ನಂಬಿಕೆ ಇರುವವರ ಜೊತೆ ನಾನು ಜಗಳ ಆಡುವುದಿಲ್ಲ. ಆದರೆ ಮೊದಲು ಆಸ್ಪತ್ರೆಯಲ್ಲಿ ಗಾಯ ದಾಖಲಾಗಲಿ. ಕಟ್ಟಿನೊಳಗೆ ಮುಚ್ಚಿಹೋದ ಊತ, ಕಂದು ಎರಡು ವಾರದ ಮೇಲೆ ಬಿಚ್ಚಿದರೆ ಇರುವುದಿಲ್ಲ.

ಹೆಜ್ಜೆ 2: ಪರೀಕ್ಷೆ ಮಾಡುವ ವೈದ್ಯರಿಗೆ ಬೇಕಾದ್ದನ್ನು ಹೇಳಿ

ಗಾಯ ಪರೀಕ್ಷಿಸುವವರು ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳು ಮೂರು. ಈ ಗಾಯ ಹೊಸದೋ ಹಳೆಯದೋ? ಹೇಳುತ್ತಿರುವ ರೀತಿಯಲ್ಲೇ ಆಗಿದೆಯೋ? ಎಷ್ಟು ಆಳ? ನೀವು ಕೊಡುವ ವಿವರ ಈ ಮೂರಕ್ಕೂ ಉತ್ತರ ಆಗಬೇಕು.

ಊತ ಯಾವಾಗ ಬಂತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಪೆಟ್ಟು ಬಿದ್ದ ಒಂದೆರಡು ಗಂಟೆಯೊಳಗೇ ಮಂಡಿ ಬಲೂನಿನ ಹಾಗೆ ಊದಿದರೆ ಒಳಗೆ ರಕ್ತ ತುಂಬಿದೆ ಎಂಬ ಅನುಮಾನ ಬರುತ್ತದೆ. ಎಸಿಎಲ್ ಹರಿದಾಗ ಹೀಗಾಗುವುದು ಜಾಸ್ತಿ. ಮಾರನೇ ದಿನ ನಿಧಾನಕ್ಕೆ ಊದಿದರೆ ಬೇರೆ ಕಾರಣ ಇರಬಹುದು. "ಟಪ್" ಅಂತ ಸದ್ದು ಕೇಳಿಸಿತೇ, ಎದ್ದು ನಡೆಯಲು ಆಯಿತೇ, ಕಾಲು ಯಾವ ಕಡೆಗೆ ತಿರುಚಿತು, ಇವೆಲ್ಲ ಹೇಳಿ.

ಪೆಟ್ಟು ಬಿದ್ದ ದಿಕ್ಕು ಗಾಯದ ಜಾಗದ ಜೊತೆ ಹೊಂದಬೇಕು. ರಸ್ತೆ ದಾಟುವವರ ಮಂಡಿಗೆ ಹೊರಗಡೆಯಿಂದ ಬಂಪರ್ ಬಡಿದರೆ ಸಾಮಾನ್ಯವಾಗಿ ಹರಿಯುವುದು ಒಳಬದಿಯ ಲಿಗಮೆಂಟ್. ಕಾರಿನ ಮುಂದಿನ ಸೀಟಿನಲ್ಲಿ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದರೆ ಹಿಂದಿನ ಲಿಗಮೆಂಟ್, ಅಂದರೆ ಪಿಸಿಎಲ್. ಬ್ರೇಕ್ ಹಾಕಿದಾಗ ಗಾಡಿಯ ಮೂತಿ ತಗ್ಗುತ್ತದೆ. ಹಾಗಾಗಿ ಕಾಲಿನ ಮೇಲೆ ಪೆಟ್ಟು ಎಷ್ಟು ಎತ್ತರದಲ್ಲಿ ಬಿದ್ದಿದೆ ಅನ್ನುವುದರಿಂದ ಚಾಲಕ ಬ್ರೇಕ್ ಹಾಕಿದ್ದನೇ ಎಂಬ ಸುಳಿವೂ ಸಿಗಬಹುದು. ಹಿಮ್ಮಡಿಯಿಂದ ಎಷ್ಟು ಸೆಂಟಿಮೀಟರ್ ಮೇಲೆ ಅಂತ ಅಳೆದು ಬರೆಯಲು ಕೇಳಿಕೊಳ್ಳಿ. ಆವತ್ತು ಹಾಕಿದ್ದ ಚಪ್ಪಲಿ, ಶೂ ಎಸೆಯಬೇಡಿ. ಪ್ಯಾಂಟನ್ನು ಒಗೆಯದೆ ಒಣಗಿಸಿ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್ ಬೇಡ.

ಎರಡೂ ಕಾಲನ್ನು ನೋಡಲು ಹೇಳಿ. ಹುಟ್ಟಿನಿಂದಲೇ ಕೀಲು ಸಡಿಲ ಇರುವವರಿದ್ದಾರೆ. ಚೆನ್ನಾಗಿರುವ ಕಾಲಿನ ಜೊತೆ ಹೋಲಿಸಿದರೆ ಮಾತ್ರ ಸಡಿಲ ಎನ್ನುವ ಮಾತಿಗೆ ಬೆಲೆ. ಮಂಡಿಯನ್ನು ಸ್ವಲ್ಪ ಮಡಚಿ, ತೊಡೆಯನ್ನು ಒಂದು ಕೈಯಲ್ಲಿ ಹಿಡಿದು, ಕಣಕಾಲನ್ನು ಮುಂದಕ್ಕೆಳೆದು ನೋಡುವುದು ಲ್ಯಾಕ್‌ಮನ್ ಪರೀಕ್ಷೆ. ಎಸಿಎಲ್ ಇದ್ದರೆ ಟಕ್ ಅಂತ ನಿಲ್ಲುತ್ತದೆ. ಇಲ್ಲದಿದ್ದರೆ ಮೆತ್ತಗೆ ಜರುಗುತ್ತಲೇ ಹೋಗುತ್ತದೆ. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಕೆಳಕ್ಕೆ ಬಾಗದಿದ್ದರೆ ಹಿಮ್ಮಡಿಯ ಅಕಿಲಿಸ್ ಟೆಂಡನ್ ತುಂಡಾಗಿದೆ ಅಂತ ಅರ್ಥ. ಅಂದ ಹಾಗೆ, ಅಕಿಲಿಸ್ ತನ್ನಷ್ಟಕ್ಕೇ ತುಂಡಾದಾಗಲೂ ಹಿಂದಿನಿಂದ ಯಾರೋ ಒದ್ದಂತೆ ಅನಿಸುತ್ತದೆ. ಯಾರೂ ಒದೆಯದೆ ದೂರು ಕೊಡುವವರೂ ಇರುತ್ತಾರೆ, ಅದು ಸುಳ್ಳು ಹೇಳಬೇಕೆಂದು ಅಲ್ಲ. ಸ್ಟೀರಾಯ್ಡ್, ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ಇವು ಟೆಂಡನ್ನನ್ನು ಬಲಹೀನ ಮಾಡುತ್ತವೆ.

ಇನ್ನು ನಾನು ಪ್ರತಿಯೊಬ್ಬರಿಗೂ ಹೇಳುವ ಒಂದು ಕೆಲಸ, ಖರ್ಚಿಲ್ಲದ್ದು. ದರ್ಜಿಯ ಟೇಪಿನಲ್ಲಿ ಎರಡೂ ತೊಡೆಯ ಸುತ್ತಳತೆ. ಮಂಡಿಚಿಪ್ಪಿನಿಂದ 15 ಸೆಂಟಿಮೀಟರ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ಅಳೆಯಿರಿ. ಅಪಘಾತದ ದಿನ ಎರಡೂ ತೊಡೆ ಹೆಚ್ಚುಕಮ್ಮಿ ಒಂದೇ ಇದ್ದು, ತಿಂಗಳಾದ ಮೇಲೆ ಪೆಟ್ಟಾದ ಕಾಲಿನ ತೊಡೆ ಸೊರಗಿದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ನೋವನ್ನು ನಟಿಸಬಹುದು, ಮಾಂಸ ಕರಗಿದ್ದನ್ನು ನಟಿಸಲಾಗುವುದಿಲ್ಲ. ಮೊದಲ ದಿನವೇ ಒಂದು ತೊಡೆ ತುಂಬ ತೆಳ್ಳಗಿದ್ದರೆ ಹಳೆಯ ಗಾಯ ಇತ್ತು ಅಂತ ಅರ್ಥ ಬರುತ್ತದೆ. ಹಳೆಯ ಗಾಯ ಇದ್ದರೆ ನೀವೇ ಮೊದಲು ಹೇಳಿಬಿಡಿ. "ಮೊದಲೇ ನೋವಿತ್ತು, ಈಗ ಜಾಸ್ತಿಯಾಗಿದೆ" ಎನ್ನುವುದೂ ಗಾಯವೇ.

ಕೈ ಕುಯ್ದಿದ್ದರೆ: ಬೆರಳು ಮಾತಾಡುತ್ತದೆ

ಕೈ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಚಾಕು, ಗಾಜು, ಪೀಣ್ಯದ ಕಾರ್ಖಾನೆಗಳ ಶೀಟ್ ಮೆಟಲ್, ಗಾಳಿಪಟದ ಮಾಂಜಾ, ಇವುಗಳಿಂದ ಆಗುವ ಗಾಯ ಹೊರಗೆ ಒಂದಿಂಚೂ ಇರುವುದಿಲ್ಲ. ನಾಲ್ಕು ಹೊಲಿಗೆ ಹಾಕಿ ಕಳಿಸುತ್ತಾರೆ. ಒಳಗೆ ಟೆಂಡನ್ ತುಂಡಾಗಿರುತ್ತದೆ.

ಈಗಲೇ ಒಂದು ಕೆಲಸ ಮಾಡಿ. ನಿಮ್ಮ ಅಂಗೈಯನ್ನು ಮೇಲ್ಮುಖ ಮಾಡಿ ಮೇಜಿನ ಮೇಲೆ ಸಡಿಲವಾಗಿ ಬಿಡಿ. ಬೆರಳುಗಳು ತಾವಾಗಿಯೇ ಸ್ವಲ್ಪ ಮಡಚಿಕೊಳ್ಳುತ್ತವೆ. ತೋರುಬೆರಳು ಕಡಿಮೆ, ಅದರ ಪಕ್ಕದ್ದು ಸ್ವಲ್ಪ ಜಾಸ್ತಿ, ಕಿರುಬೆರಳು ಎಲ್ಲಕ್ಕಿಂತ ಜಾಸ್ತಿ, ಮೆಟ್ಟಿಲಿನ ಹಾಗೆ. ಮಡಚುವ ಟೆಂಡನ್ ತುಂಡಾದ ಬೆರಳು ಈ ಸಾಲಿನಿಂದ ಹೊರಗೆ ನೆಟ್ಟಗೆ ನಿಲ್ಲುತ್ತದೆ. ಮುಟ್ಟದೆಯೇ ಕಾಣುತ್ತದೆ. ಮಗುವಿನಲ್ಲೂ, ಪ್ರಜ್ಞೆ ತಪ್ಪಿದವರಲ್ಲೂ ಇದನ್ನು ನೋಡಬಹುದು. ಹೊಲಿಗೆ ಹಾಕುವ ಮೊದಲು ಅದೇ ಭಂಗಿಯಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಬೆರಳು ಮಡಚಲು ಬರುತ್ತಿದೆ, ಆದರೆ ಎದುರು ಒತ್ತಿದರೆ ವಿಪರೀತ ನೋವು ಎಂದಾದರೆ ಅರ್ಧ ತುಂಡಾಗಿರಬಹುದು. "ಅಲ್ಲಾಡುತ್ತಿದೆ, ಏನಿಲ್ಲ" ಅಂದರೆ ಒಪ್ಪಿಕೊಂಡು ಬರಬೇಡಿ. ಕೈ ಶಸ್ತ್ರಚಿಕಿತ್ಸೆಯವರಿಗೆ ತೋರಿಸಲು ಬರೆಸಿಕೊಳ್ಳಿ.

ಟೆಂಡನ್ ತುಂಡಾದ ಜಾಗವೇ ಆ ಹೊತ್ತಿನಲ್ಲಿ ಕೈ ಹೇಗಿತ್ತು ಅಂತ ಹೇಳುತ್ತದೆ. ಬೀಸಿ ಬಂದ ಚಾಕುವನ್ನು ಒಬ್ಬರು ಮುಷ್ಟಿಯಲ್ಲಿ ಹಿಡಿದು ತಡೆದರು ಅಂದುಕೊಳ್ಳಿ. ಆಗ ಬೆರಳು ಮಡಚಿರುತ್ತದೆ. ಚರ್ಮವೂ ಟೆಂಡನ್ನೂ ಒಂದೇ ಸಲ ಕುಯ್ದುಹೋಗುತ್ತವೆ. ಆಮೇಲೆ ಬೆರಳು ನೇರ ಮಾಡಿದಾಗ ಟೆಂಡನ್ನಿನ ಕೊನೆ ಬೆರಳ ತುದಿಯ ಕಡೆಗೆ ಜರುಗಿರುತ್ತದೆ, ಚರ್ಮದ ಗಾಯಕ್ಕೆ ಸರಿಯಾಗಿ ಕೆಳಗೆ ಇರುವುದಿಲ್ಲ. ಬೆರಳು ನೀಟಿಕೊಂಡಿದ್ದಾಗ ಕುಯ್ದಿದ್ದರೆ ಎರಡೂ ಒಂದೇ ಮಟ್ಟದಲ್ಲಿರುತ್ತವೆ. ತನ್ನನ್ನು ಕಾಪಾಡಿಕೊಳ್ಳಲು ಹಿಡಿದೆ ಎನ್ನುವವರ ಮಾತಿಗೆ ಈ ಒಂದು ಅಳತೆ ಬಲ ಕೊಡುತ್ತದೆ. ಆದರೆ ಇದು ಕಾಣುವುದು ಆಪರೇಷನ್ ಟೇಬಲ್ ಮೇಲೆ ಮಾತ್ರ. ಅದಕ್ಕೇ ಆಪರೇಷನ್ ನೋಟ್ಸ್ ಮುಖ್ಯ.

ಇದರ ತಿರುಗುಮುರುಗು ಸಂದರ್ಭವೂ ಇದೆ. ಬೆರಳ ಗೆಣ್ಣಿನ ಮೇಲೆ ಸಣ್ಣ ಗಾಯ ಮಾಡಿಕೊಂಡು ಬಂದವರು "ತಗಡು ತಾಗಿತು" ಅನ್ನುತ್ತಾರೆ. ಮುಷ್ಟಿ ಕಟ್ಟಿಸಿ ನೋಡಿದರೆ ಚರ್ಮದ ಗಾಯ, ಟೆಂಡನ್ನಿನ ಗಾಯ, ಕೀಲಿನ ತೂತು ಮೂರೂ ಒಂದೇ ಸಾಲಿಗೆ ಬರುತ್ತವೆ. ಅದು ಇನ್ನೊಬ್ಬರ ಹಲ್ಲಿಗೆ ಗುದ್ದಿದ ಗಾಯ. ಬಾಯಿಯ ಕ್ರಿಮಿಗಳು ಕೀಲಿನೊಳಗೆ ಹೋಗಿ ಬೆರಳನ್ನೇ ಕಳೆದುಕೊಳ್ಳುವ ಅಪಾಯ ಇದೆ. ಹೇಗಾಯಿತು ಅಂತ ವೈದ್ಯರಿಗೆ ನಿಜ ಹೇಳಿಬಿಡಿ, ಜೀವ ಮೊದಲು.

ಕೆಲಸದ ಜಾಗದಲ್ಲಿ ಆದ ಗಾಯವಾದರೆ ಆವತ್ತೇ ಮಾಲೀಕರ ಅಪಘಾತ ಪುಸ್ತಕದಲ್ಲಿ ಬರೆಸಿ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದ್ದರೆ ಆ ದಾಖಲೆ ಇಲ್ಲದೆ ಮುಂದಿನದು ಕಷ್ಟ.

ಹೆಜ್ಜೆ 3: ಫೋಟೋ, ದಿನಕ್ಕೊಂದರಂತೆ

ಮೊದಲು ದೂರದಿಂದ, ಮುಖವೂ ಗಾಯವೂ ಒಟ್ಟಿಗೆ ಕಾಣುವಂತೆ ಒಂದು. ಆಮೇಲೆ ಹತ್ತಿರದಿಂದ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಇನ್ನೊಂದು. ಎರಡು ಮಂಡಿ ಅಕ್ಕಪಕ್ಕ ಇರುವಂತೆ ಮತ್ತೊಂದು. ಬೆಳಗಿನ ಬೆಳಕಿನಲ್ಲಿ, ಒಂದೇ ಕಿಟಕಿಯ ಹತ್ತಿರ, ಒಂದು ವಾರ ಹೀಗೇ ತೆಗೆಯಿರಿ. ಫಿಲ್ಟರ್ ಬೇಡವೇ ಬೇಡ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಿಂದ ತೆಗೆದ ಹೊತ್ತಿನ ವಿವರ ಕಳಚಿಹೋಗುತ್ತದೆ. ಹಾಗಾಗಿ ಫೋನಿನಲ್ಲಿರುವ ಮೂಲ ಫೈಲ್ ಅಳಿಸಬೇಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು, ಅದನ್ನು ವಕೀಲರು ಮಾಡಿಸುತ್ತಾರೆ.

ಒಂದು ವಿಷಯ ಗೊತ್ತಿರಲಿ. ಕಂದು ಪೆಟ್ಟು ಬಿದ್ದಲ್ಲೇ ಕಾಣಬೇಕು ಅಂತೇನಿಲ್ಲ. ರಕ್ತ ಕೆಳಕ್ಕೆ ಇಳಿಯುತ್ತದೆ. ತೊಡೆಯ ಹಿಂದಿನ ಟೆಂಡನ್ ಹರಿದರೆ ನಾಲ್ಕಾರು ದಿನದ ಮೇಲೆ ಮಂಡಿ ಸಂದಿಯ ಹತ್ತಿರ ನೀಲಿ ಕಾಣಬಹುದು. ಹರಡು, ಅಂದರೆ ಪಾದದ ಮೇಲಿನ ಕೀಲು ಉಳುಕಿದರೆ ಕಾಲ್ಬೆರಳ ಹತ್ತಿರ. ಇದನ್ನು ಯಾರೋ ಎರಡನೇ ಪೆಟ್ಟು ಅಂತ ತಿಳಿಯದಿರಲಿ ಎಂದೇ ದಿನಕ್ಕೊಂದು ಫೋಟೋ ಬೇಕು.

ಹೆಜ್ಜೆ 4: ಎಂಆರ್‌ಐ ತಡ ಮಾಡಬೇಡಿ

ಲಿಗಮೆಂಟ್, ಟೆಂಡನ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದರೆ ಎಕ್ಸ್‌ರೇ ವ್ಯರ್ಥ ಅಲ್ಲ. ಲಿಗಮೆಂಟ್ ಕೆಲವು ಸಲ ಮೂಳೆಯ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಮಂಡಿಯ ಹೊರಬದಿಯಲ್ಲಿ ಅಕ್ಕಿಕಾಳಿನಂಥ ಒಂದು ಚೂರು ಕಂಡರೆ ಎಸಿಎಲ್ ಹರಿದಿರುವ ಸಾಧ್ಯತೆ ತುಂಬ ಜಾಸ್ತಿ. 1879ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಪಾಲ್ ಸೆಗೋಂಡ್ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಚೂರು ಕಿತ್ತು ಬಂದರೆ ಅದು ಮೂಳೆ ಮುರಿತವೇ. ಅಂದರೆ ನೇರವಾಗಿ ತೀವ್ರ ಗಾಯದ ಪಟ್ಟಿಗೆ ಸೇರುತ್ತದೆ. ಹಾಗಾಗಿ ಎಕ್ಸ್‌ರೇ ಫಿಲಂ ಎಸೆಯದೆ ರೇಡಿಯಾಲಜಿಸ್ಟ್ ಹತ್ತಿರ ಇನ್ನೊಮ್ಮೆ ಓದಿಸಿ.

ಎಂಆರ್‌ಐಗೆ ಮೊದಲ ಎರಡು ಮೂರು ವಾರ ಒಳ್ಳೆಯ ಹೊತ್ತು. ಹೊಸ ಗಾಯದಲ್ಲಿ ಕೀಲಿನೊಳಗೆ ದ್ರವ ತುಂಬಿರುತ್ತದೆ, ಲಿಗಮೆಂಟ್ ಊದಿರುತ್ತದೆ, ಮೂಳೆ ಮೂಳೆಗೆ ಬಡಿದ ಕಡೆ ಒಳಗೇ ಕಂದಿರುತ್ತದೆ. ಎಸಿಎಲ್ ಹರಿದಾಗ ಈ ಒಳಗಂದು ತೊಡೆಮೂಳೆಯ ಹೊರಬದಿಯಲ್ಲೂ ಕಣಕಾಲ ಮೂಳೆಯ ಹಿಂಬದಿಯಲ್ಲೂ ಜೋಡಿಯಾಗಿ ಕಾಣುತ್ತದೆ. ಕಾಲು ಯಾವ ರೀತಿ ತಿರುಚಿತು ಅಂತ ಅದೇ ಹೇಳುತ್ತದೆ. ಇದು ವಾರಗಳು, ತಿಂಗಳುಗಳು ಕಳೆದಂತೆ ಮಾಸುತ್ತದೆ. ತಡವಾಗಿ ಹೋದರೆ ಸೊರಗಿದ ಲಿಗಮೆಂಟ್ ಮಾತ್ರ ಉಳಿದಿರುತ್ತದೆ, ಯಾವಾಗ ಹರಿಯಿತು ಅಂತ ಹೇಳಲು ಗುರುತೇ ಇರುವುದಿಲ್ಲ. ನನ್ನ ಫೈಲಿನಲ್ಲಿ ಆಗಿದ್ದು ಇದೇ.

ಭುಜದಲ್ಲಿ ಇನ್ನೂ ಸೂಕ್ಷ್ಮ. ವಯಸ್ಸಾದವರ ಭುಜದ ಟೆಂಡನ್ ಯಾವ ಪೆಟ್ಟೂ ಇಲ್ಲದೆ ಸವೆದು ಹರಿದಿರಬಹುದು, ನೋವೂ ಇರದಿರಬಹುದು. ಮಾಂಸಖಂಡದಲ್ಲಿ ಕೊಬ್ಬು ತುಂಬಿದ್ದರೆ ಹರಿದು ಬಹಳ ಕಾಲವಾಗಿದೆ ಅಂತ ಅರ್ಥ. ರಿಪೋರ್ಟಿನಲ್ಲಿ ಹೊಸದು ಯಾವುದು, ಹಳೆಯದು ಯಾವುದು ಅಂತ ಬೇರೆ ಬೇರೆ ಬರೆಯಲು ಕೇಳಿ. ಎಡ, ಬಲ ಸರಿಯಾಗಿದೆಯೇ ಅಂತ ಕೌಂಟರ್ ಬಿಡುವ ಮೊದಲೇ ನೋಡಿ. ರಿಪೋರ್ಟ್ ಜೊತೆಗೆ ಸಿಡಿಯನ್ನೂ ಪಡೆಯಿರಿ.

ಹೆಜ್ಜೆ 5: ಆಪರೇಷನ್ ಆದರೆ

ಗಾಯವನ್ನು ಕಣ್ಣಾರೆ ನೋಡುವವರು ಶಸ್ತ್ರಚಿಕಿತ್ಸಕರು ಮಾತ್ರ. ಎಷ್ಟು ಪಾಲು ತುಂಡಾಗಿತ್ತು, ಯಾವ ಮಟ್ಟದಲ್ಲಿ, ತುದಿಗಳು ನುಣುಪಾಗಿ ಕುಯ್ದಿದ್ದವೋ ಜೂಲುಜೂಲಾಗಿ ಹರಿದಿದ್ದವೋ, ಹೊಸದಾಗಿದ್ದವೋ ದುಂಡಗಾಗಿ ಕಲೆಗಟ್ಟಿದ್ದವೋ, ಇವಿಷ್ಟನ್ನು ಆಪರೇಷನ್ ನೋಟ್ಸಿನಲ್ಲಿ ಬರೆಯಲು ಮೊದಲೇ ವಿನಂತಿಸಿ. ಕೀಲಿನೊಳಗೆ ಸಣ್ಣ ಕ್ಯಾಮೆರಾ ಹಾಕಿ ಮಾಡುವ ಆರ್ತ್ರೋಸ್ಕೋಪಿಯಾದರೆ ಫೋಟೋ, ವಿಡಿಯೋ ಕೇಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಇದೆಲ್ಲ ಬರುವುದಿಲ್ಲ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮದಲ್ಲಿದೆ. ಬರೆದು ಅರ್ಜಿ ಕೊಡಿ, ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಹೆಜ್ಜೆ 6: "ಸಾಮಾನ್ಯ ಗಾಯ" ಅಂತ ಬಂದಿದ್ದರೆ

ಗಾಯದ ಪ್ರಮಾಣಪತ್ರವನ್ನು ಪೊಲೀಸರು ಕೇಳಿ ಪಡೆಯುತ್ತಾರೆ. ಎಂಆರ್‌ಐ ಬರುವ ಮೊದಲೇ ಅದು ಹೋಗಿಬಿಟ್ಟಿದ್ದರೆ ಗಾಬರಿ ಬೇಡ. ಎಂಆರ್‌ಐ, ಆಪರೇಷನ್ ನೋಟ್ಸ್ ಪ್ರತಿಗಳ ಜೊತೆ ತನಿಖಾಧಿಕಾರಿಗೆ ಒಂದು ಅರ್ಜಿ ಕೊಡಿ. ಮೊದಲು ಪರೀಕ್ಷಿಸಿದ ವೈದ್ಯರಿಂದ ಹೆಚ್ಚುವರಿ ಅಭಿಪ್ರಾಯ ತರಿಸಿಕೊಳ್ಳಲು ಕೇಳಿ. ಚಾರ್ಜ್‌ಶೀಟ್ ಆಗುವ ಮೊದಲೇ ಇದು ಆಗಬೇಕು. 15 ದಿನ ಕೆಲಸಕ್ಕೆ ಹೋಗಲಾಗಲಿಲ್ಲ ಎನ್ನುವುದಕ್ಕೆ ರಜೆ ಚೀಟಿ, ಹಾಜರಿ, ಡೆಲಿವರಿ ಆ್ಯಪಿನ ದಿನಗಳ ಪಟ್ಟಿ, ಫಿಸಿಯೋಥೆರಪಿಯ ಚೀಟಿ ಏನಿದ್ದರೂ ಸೇರಿಸಿ.

ರಸ್ತೆ ಅಪಘಾತವಾದರೆ ಪರಿಹಾರದ ಅರ್ಜಿ ಬೇರೆಯೇ. ಬೆಂಗಳೂರಿನಲ್ಲಿ ಇದನ್ನು ಸ್ಮಾಲ್ ಕಾಸಸ್ ಕೋರ್ಟಿನ ನ್ಯಾಯಾಧೀಶರು ನೋಡುತ್ತಾರೆ. 2022ರ ಏಪ್ರಿಲ್‌ನಿಂದ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ನಿನಲ್ಲಿ ಆರು ತಿಂಗಳ ಗಡುವು ಸೇರಿದೆ. ಕಾಲು ವಾಸಿಯಾಗಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಅರ್ಜಿ ಹಾಕಿ, ಅಂಗವೈಕಲ್ಯದ ಲೆಕ್ಕ ಆಮೇಲೆ ಸೇರಿಸಬಹುದು.

ಹೆಜ್ಜೆ 7: ಅಂಗವೈಕಲ್ಯ ಅಳೆಯುವ ದಿನ

ಚಿಕಿತ್ಸೆ ಮುಗಿದು, ಇನ್ನು ಸುಧಾರಿಸುವುದು ಕಷ್ಟ ಎನ್ನುವ ಹಂತಕ್ಕೆ ಬಂದ ಮೇಲೆ ಅಳೆಸಬೇಕು. ಅವಸರ ಮಾಡಿದರೆ ಆ ಅಳತೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಗುವುದಾದರೆ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಮಾಡಿಸಿ. ಕೋನ ಅಳೆಯುವ ಗೋನಿಯೋಮೀಟರಿನಲ್ಲಿ ಎರಡೂ ಬದಿಯ ಅಳತೆ, ತೊಡೆಯ ಸುತ್ತಳತೆ, ಹಿಡಿತದ ಬಲ ಎಲ್ಲ ಸಂಖ್ಯೆಯಲ್ಲಿ ಬರಲಿ.

ಆದರೆ ಶೇಕಡಾವಾರು ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಅಂಗಕ್ಕೆ ಎಷ್ಟು ನಷ್ಟ, ಇಡೀ ದೇಹಕ್ಕೆ ಎಷ್ಟು, ದುಡಿಮೆಗೆ ಎಷ್ಟು, ಈ ಮೂರೂ ಬೇರೆ ಬೇರೆ. 2010ರಲ್ಲಿ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ಹೋಗಬಹುದು, ಅದೇ ನಷ್ಟವಾದ ಸರ್ಕಾರಿ ಗುಮಾಸ್ತರ ಕೆಲಸ ಉಳಿಯಬಹುದು. ಹಾಗಾಗಿ ನಿಮ್ಮ ಕೆಲಸ ಏನು, ಅದರಲ್ಲಿ ಆ ಕೀಲು ಏನು ಮಾಡುತ್ತದೆ ಅಂತ ವೈದ್ಯರಿಗೆ ಮಾಡಿ ತೋರಿಸಿ. ಕುಕ್ಕರಗಾಲಿನಲ್ಲಿ ಕೂರಲು ಆಗದಿದ್ದರೆ, ಬಿಎಂಟಿಸಿ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದೇ ಹತ್ತಬೇಕಾದರೆ, ಅದನ್ನೇ ಹೇಳಿ.

ಗಾಂಧಿ ಬಜಾರಿನಲ್ಲಿ ಹೂ ಕಟ್ಟುವ ಒಬ್ಬ ತಾಯಿ ನನ್ನ ಹತ್ತಿರ ಬರುತ್ತಿದ್ದರು. ಅಪಘಾತದಲ್ಲಿ ಒಡೆದ ಗಾಜಿಗೆ ಬಲಗೈ ತೋರುಬೆರಳಿನ ಟೆಂಡನ್ ತುಂಡಾಗಿತ್ತು. ಹೊಲಿದರೂ ಬೆರಳಿನ ತುದಿ ಪೂರ್ತಿ ಮಡಚುತ್ತಿರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ಅದು ಸಣ್ಣ ಶೇಕಡಾ. ಅಳೆಯುವ ದಿನ ಅವರು ಒಂದು ಬುಟ್ಟಿ ಮಲ್ಲಿಗೆ, ಬಾಳೆನಾರು ತಗೊಂಡು ಹೋದರು. ವೈದ್ಯರ ಮುಂದೆಯೇ ಕೂತು ಕಟ್ಟಲು ಶುರು ಮಾಡಿದರು. ನಾರಿಗೆ ಗಂಟು ಬಿಗಿಯುವುದು ಆ ಬೆರಳೇ. ಪ್ರತಿ ನಾಲ್ಕನೇ ಗಂಟಿಗೆ ಹೂ ಜಾರುತ್ತಿತ್ತು, ಎಡಗೈಯಲ್ಲಿ ಹಿಡಿದು ಮತ್ತೆ ಸುತ್ತುತ್ತಿದ್ದರು. ಮೊದಲು ಗಂಟೆಗೆ ಹನ್ನೆರಡು ಮೊಳ ಕಟ್ಟುತ್ತಿದ್ದವರು ಈಗ ಐದು ಮೊಳ ಕಟ್ಟುತ್ತಾರೆ. ವೈದ್ಯರು ಗಡಿಯಾರ ನೋಡಿ, ಅರ್ಧ ಗಂಟೆ ಕಟ್ಟಿಸಿ, ಮೊಳ ಎಣಿಸಿ, ಆ ಸಂಖ್ಯೆಯನ್ನೇ ಪ್ರಮಾಣಪತ್ರದಲ್ಲಿ ಬರೆದರು.